ತಲೆಕೆಳಗೆ ಮಾಡಿ ನೋಡಬಹುದಾದ ಗ್ಲೋಬ್

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಗ್ಲೋಬ್ ಕೊಳ್ಳಲು ಹೋದರೆ ಎಲ್ಲರೂ ಮೊದಲು ಭಾರತ ಹುಡುಕುತ್ತಾರೆ. ನಾನು ಬಗ್ಗಿ ಅಂಟಾರ್ಕ್ಟಿಕಾ ನೋಡುತ್ತೇನೆ.

ಕಾರಣ ಇದೆ. ನಮ್ಮ ಶಾಲೆಯ ಹಳೇ ಗ್ಲೋಬಿನಲ್ಲಿ ಸ್ಟ್ಯಾಂಡಿನ ಬಿಲ್ಲೆ ಆ ಖಂಡದ ನಡುಭಾಗವನ್ನೇ ಮುಚ್ಚಿತ್ತು. 30 ಸೆಂ.ಮೀ. ಗ್ಲೋಬಿನಲ್ಲಿ 1 ಸೆಂ.ಮೀ. ಅಂದರೆ ಸುಮಾರು 425 ಕಿ.ಮೀ. ನಾಲ್ಕು ಸೆಂ.ಮೀ. ಬಿಲ್ಲೆಯ ಕೆಳಗೆ 1,700 ಕಿ.ಮೀ. ಅಗಲದ ನೆಲ ಮಾಯ!

ಈ ಸಲ ಸ್ವಂತ ದುಡ್ಡಿನಲ್ಲಿ, 2,400 ರೂಪಾಯಿಗೆ, ಎರಡು ಉಂಗುರಗಳ ಗ್ಲೋಬ್ ತಂದೆ. ಉಂಗುರದೊಳಗೆ ಉಂಗುರ. ಯಾವ ಕಡೆ ಬೇಕೋ ಆ ಕಡೆ ಮೇಲಕ್ಕೆ ತರಬಹುದು. ಧ್ರುವಗಳಲ್ಲಿ ಬರೀ ಸಣ್ಣ ಪಿನ್.

ಮೊದಲ ದಿನವೇ ಎಂಟನೇ ಕ್ಲಾಸಿನ ಒಬ್ಬ ಹುಡುಗಿಗೆ ಹೇಳಿದೆ, "60 ಡಿಗ್ರಿ ಉತ್ತರದ ಗೆರೆ ಮೇಲೆ ಬೆರಳಿಡು, ಗ್ಲೋಬ್ ತಿರುಗಿಸು." ಓಸ್ಲೊ, ಹೆಲ್ಸಿಂಕಿ, ಸೈಬೀರಿಯಾ, ಅಲಾಸ್ಕಾ, ಕೆನಡಾ, ಗ್ರೀನ್‌ಲ್ಯಾಂಡಿನ ತುದಿ. ನಡುವೆ ಸಮುದ್ರ ಬಂದರೂ ಅರ್ಧಕ್ಕಿಂತ ಹೆಚ್ಚು ನೆಲವೇ. ಆಮೇಲೆ ಗ್ಲೋಬ್ ಮಗುಚಿ 60 ಡಿಗ್ರಿ ದಕ್ಷಿಣ. ಒಂದು ಸುತ್ತು ಪೂರ್ತಿ ಬಂತು. "ಮಿಸ್, ಎಲ್ಲೂ ನೆಲಾನೇ ಸಿಗ್ಲಿಲ್ಲ!"

ಅದೇ ನನಗೆ ಬೇಕಾಗಿದ್ದದ್ದು. ಅಡ್ಡ ನೆಲ ಇಲ್ಲದ್ದರಿಂದಲೇ ಅಲ್ಲಿನ ಸಮುದ್ರ ಪ್ರವಾಹ ಪಶ್ಚಿಮದಿಂದ ಪೂರ್ವಕ್ಕೆ ಇಡೀ ಭೂಮಿಯನ್ನು ಸುತ್ತುತ್ತದೆ. ತೀರಾ ಇಕ್ಕಟ್ಟು ಅಂದರೆ ದಕ್ಷಿಣ ಅಮೆರಿಕದ ತುದಿಗೂ ಅಂಟಾರ್ಕ್ಟಿಕಾಕ್ಕೂ ನಡುವಿನ ಡ್ರೇಕ್ ಪ್ಯಾಸೇಜ್. ಅದೂ ಸುಮಾರು 800 ಕಿ.ಮೀ. ಗ್ಲೋಬಿನ ಮೇಲೆ ಬೆರಳಗಲಕ್ಕಿಂತ ಸ್ವಲ್ಪ ಜಾಸ್ತಿ. ಉತ್ತರ ಧ್ರುವದಲ್ಲಿ ನೆಲ ಸುತ್ತುವರಿದ ಆರ್ಕ್ಟಿಕ್ ಸಮುದ್ರ, ದಕ್ಷಿಣ ಧ್ರುವದಲ್ಲಿ ಸಮುದ್ರ ಸುತ್ತುವರಿದ ನೆಲ. ಎರಡೂ ಸುಮಾರು 1.4 ಕೋಟಿ ಚದರ ಕಿ.ಮೀ. ಗೋಡೆ ನಕಾಶೆಯಲ್ಲಿ ಅಂಟಾರ್ಕ್ಟಿಕಾ ತಳದಲ್ಲಿ ಎಳೆದ ಬಿಳಿ ಪಟ್ಟಿ ಅಷ್ಟೇ. ಅದನ್ನು ನೋಡಿ ಮಕ್ಕಳಿಗೆ ಇದು ಹೇಗೆ ಹೊಳೆಯಬೇಕು?

ಅಂಟಾರ್ಕ್ಟಿಕಾದಲ್ಲಿರುವ ಭಾರತದ ಸಂಶೋಧನಾ ಕೇಂದ್ರಗಳಾದ ಮೈತ್ರಿ, ಭಾರತಿಯನ್ನು ಅಚ್ಚು ಹಾಕಿಲ್ಲ. ಕೆಂಪು ಪೆನ್ನಿನಿಂದ ಚುಕ್ಕೆ ಇಟ್ಟೆ. ಹೊಲಿಗೆ ದಾರ ಹಿಡಿದು ಮಕ್ಕಳೇ ಅಳೆದರು: ಐದೂವರೆ ಸೆಂ.ಮೀ., ಅಂದರೆ ಸುಮಾರು 2,300 ಕಿ.ಮೀ. ಅಕ್ಕಪಕ್ಕ ಇವೆ ಅಂದುಕೊಂಡಿದ್ದರು. ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳಲ್ಲಿರುವ ನಮ್ಮ ಇನ್ನೊಂದು ಕೇಂದ್ರ ಹಿಮಾದ್ರಿಯಿಂದ ಉತ್ತರ ಧ್ರುವಕ್ಕೆ 3 ಸೆಂ.ಮೀ. ಕೂಡ ಇಲ್ಲ.

ಅಂಟಾರ್ಕ್ಟಿಕಾ ಸುತ್ತಲಿನ ಸಾಗರಕ್ಕೆ 'ಸದರ್ನ್ ಓಷನ್' ಅಂತ ಹೆಸರು ಹಾಕಿದ್ದಾರೆ, ಖುಷಿಯಾಯಿತು. ಹಳೇ ಗ್ಲೋಬಿನಲ್ಲಿ ಇರಲಿಲ್ಲ. ನ್ಯಾಷನಲ್ ಜಿಯಾಗ್ರಫಿಕ್ ಕೂಡ 2021ರಲ್ಲಷ್ಟೇ ಆ ಹೆಸರನ್ನು ಒಪ್ಪಿಕೊಂಡಿತು.

ಬೇಸರದ ವಿಷಯವೂ ಇದೆ. ಆರ್ಕ್ಟಿಕ್ ಹಿಮವನ್ನು ಒಂದೇ ಬಿಳಿ ಮಚ್ಚೆ ಮಾಡಿ ಬಿಟ್ಟಿದ್ದಾರೆ, ಯಾವ ತಿಂಗಳದ್ದು ಅಂತಿಲ್ಲ. ಮಾರ್ಚ್‌ನಲ್ಲಿ ಹರಡುವ ಹಿಮ ಸೆಪ್ಟೆಂಬರ್‌ಗೆ ಎಷ್ಟೋ ಕುಗ್ಗಿರುತ್ತದೆ. ಒಂದು ಚುಕ್ಕೆ ಗೆರೆ ಎಳೆದಿದ್ದರೆ ಸಾಕಿತ್ತು. ಅಂಟಾರ್ಕ್ಟಿಕಾದ ಅಂಚಿನ ರಾಸ್ ಐಸ್ ಶೆಲ್ಫ್ ನೀರಿನ ಮೇಲೆ ತೇಲುವ ಹಿಮ, ಅದಕ್ಕೂ ನೆಲದ ಬಣ್ಣವೇ. ದಕ್ಷಿಣ ಧ್ರುವದಲ್ಲಿ ಕಾಗದದ ಹೋಳುಗಳು ಸರಿಯಾಗಿ ಕೂಡಿಲ್ಲ, ರೇಖಾಂಶದ ಗೆರೆಗಳು ಒಂದು ಮಿಲಿಮೀಟರ್ ತಪ್ಪುತ್ತವೆ. ಎಲ್ಲಾ ಇಂಗ್ಲಿಷಿನಲ್ಲೇ ಇದೆ. ಕನ್ನಡ ಹೆಸರುಗಳನ್ನು ನಾವೇ ಚೀಟಿ ಬರೆದು ಅಂಟಿಸಿದೆವು.

ಒಳ ಉಂಗುರದ ಸ್ಕ್ರೂ ಎರಡೇ ತಿಂಗಳಿಗೆ ಸಡಿಲವಾಯಿತು. ಗಡಿಯಾರ ರಿಪೇರಿ ಅಂಗಡಿಯಲ್ಲಿ ಬಿಗಿ ಮಾಡಿಸಿದೆ, ಇಪ್ಪತ್ತು ರೂಪಾಯಿ. ಬರುವ ಜೂನ್‌ಗೆ ಇದನ್ನೇ ಇನ್ನೊಂದು ತರಿಸುತ್ತಿದ್ದೇನೆ. ನಲವತ್ತೆರಡು ಮಕ್ಕಳಿಗೆ ಒಂದು ಗ್ಲೋಬ್ ಸಾಲುತ್ತಿಲ್ಲ.