ಮಗ ಒಪ್ಪುವ ತನಕ ಕಾಯಬೇಡಿ, 14416ಕ್ಕೆ ಮೊದಲು ನೀವೇ ಫೋನ್ ಮಾಡಿ

ಮೊದಲು ಅಂಕ ಹೇಳಿಬಿಡುತ್ತೇನೆ. ಮನಸ್ಸಿನ ತೊಂದರೆಗಳಿಗೆ ಇರುವ 14416, ಅಂದರೆ ಟೆಲಿ ಮಾನಸ್ ಸಹಾಯವಾಣಿಗೆ ಐದರಲ್ಲಿ ನಾಲ್ಕು. ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ಮನೋವೈದ್ಯರ ಕ್ಲಿನಿಕ್ಕಿಗೆ ಮೂರೂವರೆ. ದುಡ್ಡು ಕೊಟ್ಟು ಹೋಗಿದ್ದ ಖಾಸಗಿ ಕೌನ್ಸೆಲಿಂಗಿಗೆ ಒಂದೂವರೆ. ಯಾಕೆ ಅಂತ ಒಂದೊಂದಾಗಿ ಬರೆಯುತ್ತೇನೆ. ಇದು ಅಕ್ಕನ ಮನೆಯ ವಿಷಯ. ಅಕ್ಕ, ಭಾವ, ಅವರ ಮಗ ಮೂವರೂ ಓದಿ ಹೂಂ ಅಂದ ಮೇಲೆಯೇ ಹಾಕುತ್ತಿದ್ದೇನೆ.

ಅಕ್ಕನ ಮನೆ ಇರುವುದು ಉತ್ತರ ಕನ್ನಡದ ಶಿರಸಿಯಿಂದ ಘಟ್ಟದ ಕಡೆಗೆ, ತೋಟದ ನಡುವೆ. ಹತ್ತಿರದ ಮನೆಗೆ ಹೋಗಬೇಕಾದರೂ ಒಂದು ಗುಡ್ಡ ಇಳಿಯಬೇಕು. ಮಾಣಿ, ಅಂದರೆ ಅಕ್ಕನ ಮಗ, ದೂರದ ಊರಿನ ಹಾಸ್ಟೆಲ್‌ನಲ್ಲಿದ್ದು ಪಿಯುಸಿ ಸೈನ್ಸ್ ಓದುತ್ತಿದ್ದ. ದೊಡ್ಡಹಬ್ಬಕ್ಕೆ (ದೀಪಾವಳಿಗೆ) ಬಂದವನು ವಾಪಸ್ ಹೋಗಲಿಲ್ಲ. ರಾತ್ರಿಯಿಡೀ ಎಚ್ಚರ, ಬೆಳಗಾದ ಮೇಲೆ ನಿದ್ದೆ. ತಟ್ಟೆಗೆ ಹಾಕಿದ ಅನ್ನ ಹಾಗೇ ಇರುತ್ತಿತ್ತು. ಭಾವ ಹಟ ಅಂದರು, ಅಜ್ಜಿ ದೃಷ್ಟಿ ಅಂದರು, ಬಂದು ಹೋದವರೆಲ್ಲ ಮೊಬೈಲ್ ಅಂದರು. ಜಾತಕ ತೋರಿಸಿದ್ದಾಯಿತು, ಪೂಜೆ ಮಾಡಿಸಿದ್ದಾಯಿತು. ಕಾಲೇಜಿಗೆ ಫೋನ್ ಮಾಡಿದರೆ ಅಟೆಂಡೆನ್ಸ್ ಬಗ್ಗೆ ಮಾತ್ರ ಮಾತು. ಡಾಕ್ಟರ ಹತ್ತಿರ ಹೋಗೋಣ ಬಾ ಎಂದರೆ ಅವನದ್ದು ಒಂದೇ ಉತ್ತರ, ನನಗೇನೂ ಆಗಿಲ್ಲ.

ತುಂಬ ಮನೆಗಳಲ್ಲಿ ಎಲ್ಲವೂ ಇಲ್ಲಿಗೇ ನಿಲ್ಲುತ್ತದೆ. ಮಗ ಒಪ್ಪುವುದಿಲ್ಲ, ಆದ್ದರಿಂದ ಏನೂ ಮಾಡುವ ಹಾಗಿಲ್ಲ ಎಂದು ಕಾಯುತ್ತಾರೆ. ತಿಂಗಳುಗಟ್ಟಲೆ ಕಾಯುತ್ತಾರೆ. ನಾನು ಇದನ್ನು ಬರೆಯಲು ಕೂತಿದ್ದೇ ಈ ಕಾಯುವಿಕೆ ಬೇಡ ಎಂದು ಹೇಳಲು. ಟೆಲಿ ಮಾನಸ್‌ಗೆ ಕಷ್ಟದಲ್ಲಿರುವ ಹುಡುಗನೇ ಫೋನ್ ಮಾಡಬೇಕೆಂದಿಲ್ಲ. ಅಮ್ಮ ಮಾಡಬಹುದು, ಅಪ್ಪ ಮಾಡಬಹುದು, ಅತ್ತೆ ಮಾವ ಅಣ್ಣ ಯಾರೂ ಮಾಡಬಹುದು. ಮನೆಯವರು ಹೇಗಿರಬೇಕು, ಏನು ಮಾತಾಡಬೇಕು, ಏನು ಮಾತಾಡಬಾರದು ಎಂದು ಕೇಳಲಿಕ್ಕೂ ಆ ನಂಬರ್ ಇದೆ.

ಗೊತ್ತಿಲ್ಲದವರಿಗೆ ಸ್ವಲ್ಪ ವಿವರ. ಇದು ಕೇಂದ್ರ ಸರ್ಕಾರದ ಸೇವೆ. 2022ರ ಅಕ್ಟೋಬರ್ 10ರಂದು, ಅಂದರೆ ವಿಶ್ವ ಮಾನಸಿಕ ಆರೋಗ್ಯ ದಿನದಂದು ಶುರುವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಇದಕ್ಕೆಲ್ಲ ಮುಖ್ಯ ಕೇಂದ್ರ. ನಂಬರ್ 14416. ಅದು ಸಿಗದಿದ್ದರೆ 1800 891 4416. ಹಗಲು ರಾತ್ರಿ ಇರುತ್ತದೆ, ಪೂರ್ತಿ ಉಚಿತ. ಫೋನ್ ಎತ್ತಿದ ಕೂಡಲೇ ಭಾಷೆ ಆರಿಸಿಕೊಳ್ಳಲು ಹೇಳುತ್ತದೆ, ಕನ್ನಡ ಒತ್ತಿದರೆ ಕನ್ನಡದಲ್ಲೇ ಮಾತಾಡುವವರು ಸಿಗುತ್ತಾರೆ. ಆಧಾರ್ ಬೇಡ, ಹೆಸರು ಹೇಳಲೇಬೇಕು ಅಂತಲೂ ಇಲ್ಲ. ಮೊದಲು ಮಾತಾಡುವವರು ತರಬೇತಿ ಪಡೆದ ಆಪ್ತ ಸಮಾಲೋಚಕರು. ಅವರಿಗೆ ಇದು ಹೆಚ್ಚಿನ ವಿಷಯ ಅನ್ನಿಸಿದರೆ ಮನೋವೈದ್ಯರಿಗೆ ದಾಟಿಸುತ್ತಾರೆ, ಇಲ್ಲವೇ ನಮ್ಮ ಜಿಲ್ಲೆಯ ಆಸ್ಪತ್ರೆಗೆ ಹೋಗಲು ಹೇಳುತ್ತಾರೆ. 2024ರಲ್ಲಿ ಆ್ಯಪ್ ಕೂಡ ಬಂತು. ವಿಡಿಯೊದಲ್ಲಿ ಮಾತಾಡುವ ಸೌಲಭ್ಯವನ್ನು ಮೊದಲು ಕೊಟ್ಟ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆದರೆ ನಮ್ಮ ಘಟ್ಟದ ಊರುಗಳಲ್ಲಿ ವಿಡಿಯೊ ಸುದ್ದಿ ಬಿಡಿ, ಮಾತು ತುಂಡಾಗದೆ ಹೋದರೆ ಅದೇ ದೊಡ್ಡದು.

ಅಕ್ಕ ಹಿತ್ತಿಲ ಗೇರುಮರದ ಹತ್ತಿರ ನಿಂತು ಮಾತಾಡಿದ್ದಳು, ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ. ನಾನೂ ಪಕ್ಕದಲ್ಲಿದ್ದೆ. ಆ ಕಡೆಯಿಂದ ಮಾತಾಡಿದ ಹೆಣ್ಣುಮಗಳಿಗೆ ಅವಸರವೇ ಇರಲಿಲ್ಲ. ಯಾವಾಗಿನಿಂದ ಹೀಗೆ, ನಿದ್ದೆ ಹೇಗಿದೆ, ಊಟ ಹೇಗಿದೆ, ಗೆಳೆಯರ ಜೊತೆ ಮಾತಿದೆಯಾ, ಕುಡಿತ ಅಥವಾ ಗಾಂಜಾ ಏನಾದರೂ ಇದೆಯಾ, ಸಾಯುವ ಮಾತು ಆಡಿದ್ದಾನಾ, ಮನೆಯಲ್ಲಿ ಹಿಂದೆ ಯಾರಿಗಾದರೂ ಹೀಗೆ ಆಗಿತ್ತಾ ಎಂದು ಒಂದೊಂದೇ ಕೇಳಿದರು. ಆಮೇಲೆ ಕೇಳಿದ್ದು, “ಅಮ್ಮಾ, ನೀವು ನಿದ್ದೆ ಮಾಡ್ತಾ ಇದೀರಾ?” ಅಲ್ಲಿ ತನಕ ಗಟ್ಟಿಯಾಗಿದ್ದ ಅಕ್ಕ ಆ ಪ್ರಶ್ನೆಗೆ ಅತ್ತುಬಿಟ್ಟಳು. ಅಷ್ಟು ದಿನ ಊರವರೆಲ್ಲ ಮಗನ ಬಗ್ಗೆ ಕೇಳಿದ್ದರು, ಅವಳ ಬಗ್ಗೆ ಯಾರೂ ಕೇಳಿರಲಿಲ್ಲ.

ಅವರು ಹೇಳಿದ್ದರಲ್ಲಿ ನನಗೆ ತುಂಬ ಉಪಯೋಗ ಅನ್ನಿಸಿದ್ದು ಇವು. ತೋಟಕ್ಕೆ ಹೊಡೆಯುವ ಔಷಧಿ, ಕಳೆನಾಶಕ, ಅಜ್ಜಿಯ ಬಿಪಿ ಮಾತ್ರೆ, ನಿದ್ದೆ ಮಾತ್ರೆ ಎಲ್ಲವನ್ನೂ ಇವತ್ತೇ ಬೀಗ ಹಾಕಿ ಇಡಿ ಅಂದರು. ಅಡಿಕೆ ಬೆಳೆಯುವ ಮನೆಗಳಲ್ಲಿ ಔಷಧಿ ಡಬ್ಬಿ ಕೊಟ್ಟಿಗೆಯಲ್ಲೋ ಜಗಲಿ ಮೂಲೆಯಲ್ಲೋ ಸುಮ್ನೆ ಬಿದ್ದಿರುತ್ತದೆ ಅಲ್ವಾ, ಅದನ್ನು ನಾವು ಯಾರೂ ಯೋಚಿಸುವುದೇ ಇಲ್ಲ. ಸಾಯಬೇಕು ಅನ್ನಿಸುವ ಗಳಿಗೆ ಬಹಳ ಸಲ ಬಂದು ಹಾದುಹೋಗುವಂಥದ್ದು, ಆ ಹೊತ್ತಿಗೆ ವಿಷ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ ಎಂದು ಬಿಡಿಸಿ ಹೇಳಿದರು. ಇನ್ನೊಂದು, ಸಾಯುವ ಯೋಚನೆ ಬರುತ್ತಿದೆಯಾ ಎಂದು ಮಗನನ್ನು ನೇರವಾಗಿ, ಮೆತ್ತಗೆ ಕೇಳಿ ಅಂದರು. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗೆ ಆಗುತ್ತದೆ ಎಂಬ ಹೆದರಿಕೆ ಅಕ್ಕನಿಗಿತ್ತು. ಹಾಗಾಗುವುದಿಲ್ಲ, ಎಷ್ಟೋ ಮಕ್ಕಳಿಗೆ ಯಾರೋ ಕೇಳಿದರಲ್ಲ ಎಂದು ಹಗುರವಾಗುತ್ತದೆ ಅಂದರು. ಮತ್ತೆ, ಕಾಲೇಜು ಮಾರ್ಕ್ಸ್ ಮಾತು ಸದ್ಯಕ್ಕೆ ಬಿಡಿ. ಪಕ್ಕದ ಮನೆಯ ಮಕ್ಕಳ ಸುದ್ದಿ ಎತ್ತಬೇಡಿ. ಅವನ ಜೊತೆ ಒಂದು ಹೊತ್ತು ಊಟಕ್ಕೆ ಕೂತುಕೊಳ್ಳಿ, ಮಾತಾಡದಿದ್ದರೂ ಪರವಾಗಿಲ್ಲ.

ಭಾವನಿಗೂ ಫೋನ್ ಕೊಡಿಸಿದರು. ಅವರದ್ದು ಗಟ್ಟಿ ಸ್ವಭಾವ, ಇದೆಲ್ಲ ಪೇಟೆಯವರ ಕಾಯಿಲೆ ಎನ್ನುತ್ತಿದ್ದವರು. ಅವರಿಗೆ ಉಪದೇಶ ಮಾಡಲಿಲ್ಲ. ನೀವು ಹದಿನೇಳು ವರ್ಷದವರಿದ್ದಾಗ ನಿಮಗೆ ಕಷ್ಟ ಬಂದರೆ ಯಾರಿಗೆ ಹೇಳುತ್ತಿದ್ದಿರಿ ಎಂದು ಕೇಳಿದರು, ಅಷ್ಟೇ. ಮಾಣಿ ಫೋನ್ ಹಿಡಿದಿದ್ದು ತುಂಬ ಆಮೇಲೆ, ಅಪ್ಪ ಬೈಯುವುದು ನಿಲ್ಲಿಸಿದ್ದನ್ನು ನೋಡಿದ ಮೇಲೆ. ಮೊದಲ ಸಲ ಸ್ವಲ್ಪವೇ ಮಾತಾಡಿದ, ಆದರೆ ಆಸ್ಪತ್ರೆಗೆ ಬರುತ್ತೇನೆ ಅಂದ.

ಒಂದು ಅಂಕ ಕಡಿದಿದ್ದು ಯಾಕೆ? ಸಹಾಯವಾಣಿ ಅಂದ ಮೇಲೆ ಪ್ರತಿ ಸಲ ಅದೇ ವ್ಯಕ್ತಿ ಸಿಗುತ್ತಾರೆ ಎನ್ನುವ ಹಾಗಿಲ್ಲ. ಮನಸ್ಸು ಬಿಚ್ಚಲೇ ಕಷ್ಟಪಡುವ ಹುಡುಗನಿಗೆ ಮತ್ತೆ ಮೊದಲಿನಿಂದ ಹೇಳು ಅಂದರೆ ಅದು ಸಣ್ಣ ವಿಷಯವಲ್ಲ. ಆದ್ದರಿಂದ ಮೊದಲ ಸಲವೇ, ನೀವೇ ತಿರುಗಿ ಫೋನ್ ಮಾಡುತ್ತೀರಾ ಎಂದು ಕೇಳಿ. ಮತ್ತೆ, ಯಾರಾದರೂ ಆಗಲೇ ವಿಷ ಕುಡಿದಿದ್ದರೆ, ಗಾಯ ಮಾಡಿಕೊಂಡಿದ್ದರೆ ಈ ನಂಬರ್ ಅಲ್ಲ, 108ಕ್ಕೆ ಮಾಡಿ ಕೂಡಲೇ ಆಸ್ಪತ್ರೆಗೆ ಹೋಗಿ. ಪೊಲೀಸ್ ಕೇಸ್ ಆಗುತ್ತದೆ ಎಂದು ಹೆದರಿ ಮುಚ್ಚಿಡಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಬಂದ ಮೇಲೆ, ಪ್ರಾಣ ತೆಗೆದುಕೊಳ್ಳಲು ಹೋದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಕಾನೂನು ಭಾವಿಸುತ್ತದೆ, ಬೇರೆ ರೀತಿ ಸಾಬೀತಾಗದ ಹೊರತು ಶಿಕ್ಷೆ ಇಲ್ಲ. ಅವರಿಗೆ ಚಿಕಿತ್ಸೆ, ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ ಎಂದೂ ಅದೇ ಕಾಯ್ದೆ ಹೇಳುತ್ತದೆ. ಈ ಹೆದರಿಕೆಯಿಂದ ಆಸ್ಪತ್ರೆಗೆ ತಡವಾಗಿ ಹೋದ ಮನೆಗಳು ನಮ್ಮಲ್ಲಿ ಇವೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಈಗ ಮಂಗಳವಾರದ ಕ್ಲಿನಿಕ್. ರಾಜ್ಯದಲ್ಲಿ ಮನೋಚೈತನ್ಯ ಎಂಬ ಕಾರ್ಯಕ್ರಮ ಇದೆ. ಮಂಗಳವಾರದಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬಂದು ನೋಡುತ್ತಾರೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನೋ ಆಸ್ಪತ್ರೆಯನ್ನೋ ಮೊದಲೇ ವಿಚಾರಿಸಿಕೊಂಡು ಹೋಗಿ. ಅಕ್ಕನವರು ಹೋದ ಆಸ್ಪತ್ರೆಯಲ್ಲಿ ವೈದ್ಯರು ಒಳ್ಳೆಯವರು. ಅಪ್ಪ ಅಮ್ಮ ಹೊರಗೆ ಕೂತುಕೊಳ್ಳಿ ಎಂದು ಮೊದಲು ಹುಡುಗನ ಹತ್ತಿರ ಒಬ್ಬನೇ ಮಾತಾಡಿದರು, ಆಮೇಲೆ ಎಲ್ಲರನ್ನೂ ಕರೆದರು. ಅವನು ಹೇಳಿದ್ದರಲ್ಲಿ ಯಾವುದನ್ನು ಮನೆಯವರಿಗೆ ಹೇಳಬಹುದು ಎಂದು ಅವನನ್ನೇ ಕೇಳಿ ಹೇಳಿದರು. ಇದಕ್ಕೆ ಪೂರ್ತಿ ಅಂಕ. ಮಾತ್ರೆಗೂ ದುಡ್ಡಿಲ್ಲ. ಪ್ರತಿ ಸಲ ಅದೇ ವೈದ್ಯರು ಸಿಗುವುದು ಇಲ್ಲಿನ ದೊಡ್ಡ ಲಾಭ, ಫೋನಿನಲ್ಲಿ ಇಲ್ಲದ್ದು ಇದೇ.

ಬೇಸರ ಏನೆಂದರೆ ಕಾಯುವ ಜಾಗ. ಎಲ್ಲರೂ ಓಡಾಡುವ ಓಣಿಯಲ್ಲಿ ಬೆಂಚು, ಹೆಸರು ಕೂಗಿ ಕರೆಯುವುದು. ಶಿರಸಿಯಂಥ ಊರಲ್ಲಿ ಆಸ್ಪತ್ರೆಗೆ ಹೋದರೆ ಗುರುತಿನವರು ಸಿಗದೆ ಇರುವುದಿಲ್ಲ. ಯಾವ ಡಾಕ್ಟರಿಗೆ ತೋರಿಸಲಿಕ್ಕೆ ಬಂದಿದ್ದು ಎಂದು ಕೇಳದೆ ಅವರೂ ಬಿಡುವುದಿಲ್ಲ. ಹೆಸರಿನ ಬದಲು ಟೋಕನ್ ನಂಬರ್ ಕರೆದರೆ ಸಾಕಿತ್ತು, ಅದಕ್ಕೆ ಹೆಚ್ಚು ಖರ್ಚೂ ಇಲ್ಲ. ಸದ್ಯಕ್ಕೆ ಒಂದು ಉಪಾಯ ಇದೆ. ಮಂಗಳವಾರ ಮಾರಿಕಾಂಬೆ ದರ್ಶನಕ್ಕೆ ಬಂದೆವು ಎಂದರೆ ಯಾರೂ ಮತ್ತೆ ಕೇಳುವುದಿಲ್ಲ. ಅಕ್ಕನವರು ನಿಜವಾಗಿಯೂ ಎರಡೂ ಕಡೆ ಹೋಗಿ ಬರುತ್ತಿದ್ದರು. ದೇವರಿಗೆ ಕೈಮುಗಿದು ಡಾಕ್ಟರಿಗೂ ತೋರಿಸಿದರೆ ಅದರಲ್ಲಿ ತಪ್ಪೇನೂ ಇಲ್ಲ. ಪೂಜೆ ಮಾಡಿಸಿಯಾಯಿತು, ಇನ್ನು ಮಾತ್ರೆ ಯಾಕೆ ಎಂದು ನಿಲ್ಲಿಸುವುದು ಮಾತ್ರ ಬೇಡ.

ಖಾಸಗಿ ಕೌನ್ಸೆಲಿಂಗ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಹೊರಗಿನ ಊರಿನ ಒಬ್ಬರ ಹತ್ತಿರ ಹೋಗಿದ್ದರು. ಫೀಸು ಜೋರಿತ್ತು. ಹುಡುಗ ನಂಬಿ ಹೇಳಿದ್ದನ್ನೆಲ್ಲ ಅವರು ಅದೇ ದಿನ ಅಪ್ಪನ ಎದುರು ಹೇಳಿಬಿಟ್ಟರು. ಅವನು ಮತ್ತೆ ಬಾಯಿ ಬಿಡಲು ಬಹಳ ಕಾಲ ಹಿಡಿಯಿತು. ಖಾಸಗಿಯವರೆಲ್ಲ ಹೀಗೆ ಎನ್ನುವುದಿಲ್ಲ, ಒಳ್ಳೆಯವರು ಖಂಡಿತ ಇದ್ದಾರೆ. ಆದರೆ ಅವರು ಏನು ಓದಿದ್ದಾರೆ, ಗುಟ್ಟು ಹೇಗೆ ಕಾಯುತ್ತಾರೆ ಎಂದು ಮೊದಲೇ ಕೇಳಿ. ಕೇಳಿದರೆ ಸಿಟ್ಟಾಗುವವರ ಹತ್ತಿರ ಹೋಗಲೇಬೇಡಿ.

ಇನ್ನು ಕೆಲವು, ಚುಟುಕಾಗಿ. ಹತ್ತರಿಂದ ಹತ್ತೊಂಬತ್ತು ವರ್ಷದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಇರುತ್ತದೆ. 2014ರಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದ ಭಾಗ ಅದು. ಮುಟ್ಟಿನ ತೊಂದರೆ, ದೇಹದ ಬಗ್ಗೆ ಗೊಂದಲ, ಮನಸ್ಸಿನ ಬೇಸರ ಎಲ್ಲಕ್ಕೂ ಹೋಗಬಹುದು, ಹಾಗಾಗಿ ಹೆಣ್ಣುಮಕ್ಕಳಿಗೆ ಇಲ್ಲಿಗೆ ಹೋಗಲು ಮುಜುಗರ ಕಡಿಮೆ. ಕ್ರೀಡಾ ಇಲಾಖೆ ಮತ್ತು ನಿಮ್ಹಾನ್ಸ್ ಸೇರಿ ನಡೆಸುವ ಯುವ ಸ್ಪಂದನ ಎಂಬುದೂ ಇದೆ. ಅದು ಚಿಕಿತ್ಸೆ ಕೊಡುವ ಜಾಗವಲ್ಲ, ಓದು, ಕೆಲಸ, ಪ್ರೀತಿ, ಮನೆಯ ಜಗಳ ಇಂಥವಕ್ಕೆ ದಾರಿ ತೋರಿಸುವುದು. ಆದರೆ ಇಂಥ ಕೇಂದ್ರ ಜಿಲ್ಲಾ ಕೇಂದ್ರಕ್ಕೆ ಒಂದು ಎಂಬ ಲೆಕ್ಕ ನಮಗೆ ಹೊಂದುವುದಿಲ್ಲ. ಶಿರಸಿಯಿಂದ ಕಾರವಾರಕ್ಕೆ ನೂರು ಕಿಲೋಮೀಟರಿಗೂ ಜಾಸ್ತಿ, ಮುಂಡಗೋಡ, ಸಿದ್ದಾಪುರದವರಿಗೆ ಇನ್ನೂ ದೂರ. ಘಟ್ಟದ ಮೇಲೊಂದು, ಕೆಳಗೊಂದು ಬೇಕೇ ಬೇಕು. ಆಸ್ಪತ್ರೆಗೆ ಸೇರಿಸಬೇಕಾದ ಸ್ಥಿತಿ ಬಂದರೆ ಕರಾವಳಿಯವರಿಗೆ ಕಾರವಾರದ ಮೆಡಿಕಲ್ ಕಾಲೇಜು ಆಸ್ಪತ್ರೆ, ಮೇಲಿನವರಿಗೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಹತ್ತಿರ. ಹದಿನೆಂಟರ ಒಳಗಿನ ಮಕ್ಕಳಿಗೆ ಹೊಡೆತ, ದೌರ್ಜನ್ಯ ಆಗುತ್ತಿದ್ದರೆ ಮಕ್ಕಳ ಸಹಾಯವಾಣಿ 1098.

ಕಾರವಾರದ ಕಡೆ ಆಶಾ ಕಾರ್ಯಕರ್ತೆಯಾಗಿರುವ ಗೆಳತಿಯೊಬ್ಬಳಿದ್ದಾಳೆ. ಅವಳು ಹೇಳುವ ಮಾತು ಇದಕ್ಕೆ ಸೇರಬೇಕು. ಜೂನ್, ಜುಲೈನಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದೆ. ದುಡಿಮೆ ಇಲ್ಲ, ಸಾಲದವರು ಬಾಗಿಲಿಗೆ ಬರುತ್ತಾರೆ, ಕೆಲವು ಮನೆಗಳಲ್ಲಿ ಕುಡಿತ ಜಾಸ್ತಿಯಾಗುತ್ತದೆ. ಅದೇ ಹೊತ್ತಿಗೆ ಶಾಲೆ ಕಾಲೇಜು ಶುರು, ಫೀಸು ಕಟ್ಟಬೇಕು. ಮಕ್ಕಳ ಮುಖ ಬಾಡುವುದು ಆವಾಗಲೇ ಅನ್ನುತ್ತಾಳೆ. ಅಂಥ ಮನೆಯಲ್ಲಿ ಹುಡುಗಿಯೊಬ್ಬಳನ್ನೇ ಕೌನ್ಸೆಲಿಂಗಿಗೆ ಕಳಿಸಿದರೆ ಏನು ಬಂತು, ಅಪ್ಪನ ಕುಡಿತಕ್ಕೂ ಅಮ್ಮನ ಚಿಂತೆಗೂ ಯಾರಾದರೂ ಕಿವಿ ಕೊಡಬೇಕಲ್ಲ ಎಂಬುದು ಅವಳ ಮಾತು. ಅಂಥ ವಿಷಯಕ್ಕೂ 14416ಕ್ಕೆ ಫೋನ್ ಮಾಡಬಹುದು, ಅವಳು ಮನೆ ಭೇಟಿಗೆ ಹೋದಾಗ ಕ್ಯಾಲೆಂಡರ್ ಮೇಲೆ ನಂಬರ್ ಬರೆದು ಬರುತ್ತಾಳೆ.

ಇದೆಲ್ಲ ಎಲ್ಲೋ ಒಬ್ಬರಿಗೆ ಆಗುವುದು ಎಂದುಕೊಳ್ಳಬೇಡಿ. ನಿಮ್ಹಾನ್ಸ್ ಮಾಡಿದ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಹದಿಮೂರರಿಂದ ಹದಿನೇಳು ವರ್ಷದವರಲ್ಲಿ ಶೇ. 7.3 ಮಂದಿಗೆ ಮಾನಸಿಕ ತೊಂದರೆ ಕಂಡಿತ್ತು. ಅರವತ್ತು ಮಕ್ಕಳ ಕ್ಲಾಸಿಗೆ ಲೆಕ್ಕ ಹಾಕಿದರೆ ನಾಲ್ಕು ಮಂದಿ.

ಮಾಣಿ ಈಗ ಮನೆಯಿಂದಲೇ ಓಡಾಡಿಕೊಂಡು ಕಾಮರ್ಸ್ ಓದುತ್ತಿದ್ದಾನೆ. ಪೂರ್ತಿ ಸರಿಯಾದನಾ ಎಂದು ಕೇಳಿದರೆ ಇಲ್ಲ, ಕೆಲವು ದಿನ ಇನ್ನೂ ಭಾರ ಇರುತ್ತದೆ. ಆ ದಿನ ಅದನ್ನು ಅಮ್ಮನಿಗೆ ಹೇಳುತ್ತಾನೆ. ಮಾತ್ರೆ ಮುಂದುವರಿದಿದೆ.

ಮಾತ್ರೆ ಅಂದಾಗ ಮಳೆಗಾಲದ ವಿಷಯ ಹೇಳಲೇಬೇಕು. ಈ ಮಾತ್ರೆಗಳನ್ನು ನಮ್ಮಷ್ಟಕ್ಕೇ ತಟ್ಟನೆ ನಿಲ್ಲಿಸಬಾರದು. ನಮ್ಮ ಜಿಲ್ಲೆಯಲ್ಲಿ ರಸ್ತೆ ಯಾವಾಗ ಮುಚ್ಚುತ್ತದೋ ಹೇಳಲಾಗದು. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯೇ ಬಂದ್ ಆಗಿತ್ತು, ಶಿರಸಿ-ಕುಮಟಾ ದಾರಿಯ ದೇವಿಮನೆ ಘಟ್ಟದ ಕಥೆಯೂ ಹಾಗೇ. ಅದಕ್ಕೆ ಮೇ ತಿಂಗಳಲ್ಲೇ ವೈದ್ಯರಿಗೆ ನಿಮ್ಮ ಊರಿನ ಸ್ಥಿತಿ ಹೇಳಿ, ಸ್ವಲ್ಪ ಹೆಚ್ಚು ದಿನಕ್ಕೆ ಮಾತ್ರೆ ಬರೆದುಕೊಡಲು ಕೇಳಿ, ತಂದದ್ದನ್ನು ಬೀಗ ಇರುವ ಕಪಾಟಿನಲ್ಲಿ ಇಡಿ. ಚೀಟಿಯ ಫೋಟೊ ಮನೆಯ ಇಬ್ಬರ ಮೊಬೈಲಿನಲ್ಲಿ ಇರಲಿ. ಅಷ್ಟು ಮಾಡಿಯೂ ಮಾತ್ರೆ ಮುಗಿದು ದಾರಿ ಬಂದ್ ಆದರೆ 14416ಕ್ಕೆ ಮಾಡಿ, ಯಾವ ಮಾತ್ರೆ, ಎಷ್ಟು ದಿನ ತಪ್ಪಿದೆ ಎಂದು ಹೇಳಿ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ (ಪಿಎಚ್‌ಸಿ) ಸಿಗುತ್ತದಾ ಎಂದು ಆಶಾ ಅಕ್ಕನನ್ನು ಕೇಳಿ.