ಖಾತ್ರಿ ಕೆಲಸ: ನಮ್ಮ ಪಂಚಾಯಿತಿಯ ಸೇವೆ ಹೇಗಿದೆ

ಉದ್ಯೋಗ ಖಾತ್ರಿ ಯೋಜನೆ 2006ರಲ್ಲಿ ಮೊದಲ ಹಂತದಲ್ಲೇ ಜಾರಿಯಾದ ಜಿಲ್ಲೆಗಳಲ್ಲಿ ರಾಯಚೂರೂ ಒಂದು. ಆದ್ದರಿಂದ 2024ರ ಬೇಸಿಗೆಯಲ್ಲಿ ಕೆಲಸ ಕೋರುವ ಅರ್ಜಿಯಾದ ನಮೂನೆ 6 ಹಿಡಿದು ನಮ್ಮ ಗ್ರಾಮ ಪಂಚಾಯಿತಿಗೆ ಹೋದಾಗ, ಇಷ್ಟು ಹೊತ್ತಿಗೆ ಎಲ್ಲವೂ ರೂಢಿಗೆ ಬಂದಿರಬೇಕೆಂದು ಭಾವಿಸಿದ್ದೆ. ಅರ್ಜಿಯನ್ನೇನೋ ತೆಗೆದುಕೊಂಡರು, ದಿನಾಂಕ ನಮೂದಿಸಿದ ಸ್ವೀಕೃತಿಯನ್ನು ಮಾತ್ರ ಎರಡು ಬಾರಿ ಕೇಳಿದರೂ ಕೊಡಲಿಲ್ಲ. ಇದು ಸಣ್ಣ ಲೋಪವಲ್ಲ: 15 ದಿನದೊಳಗೆ ಕೆಲಸ ಸಿಗದಿದ್ದರೆ ನಿರುದ್ಯೋಗ ಭತ್ಯೆ ಕೇಳುವುದಕ್ಕೆ ಆ ಚೀಟಿಯೇ ಆಧಾರ.

ಕೆಲಸದ ಸ್ಥಳದ ನಿರ್ವಹಣೆ ಅಚ್ಚುಕಟ್ಟಾಗಿತ್ತೆಂದು ಒಪ್ಪಬೇಕು. ಕೆರೆಯ ಹೂಳೆತ್ತುವಲ್ಲಿ ನಮ್ಮ ಕಾಯಕಬಂಧು (ಕೂಲಿಕಾರರ ಗುಂಪಿನ ಮೇಲ್ವಿಚಾರಕರು) ಬೆಳಿಗ್ಗೆಯೇ ಟೇಪು ಹಿಡಿದು ಪ್ರತಿಯೊಬ್ಬರ ಪಾಲನ್ನು ಗುರುತು ಮಾಡಿಕೊಡುತ್ತಿದ್ದರು. ಹಾಜರಾತಿಯ ಫೋಟೋ ಆ್ಯಪ್‌ಗೆ ಏರದಿದ್ದಾಗ ಮೊಬೈಲನ್ನು ಎತ್ತಿ ಹಿಡಿದು ನೆಟ್‌ವರ್ಕ್ ಹುಡುಕುತ್ತ ಏರಿಯುದ್ದಕ್ಕೂ ನಡೆಯುತ್ತಿದ್ದರು. ನೆರಳಿನ ಟೆಂಟು ಆರು ಮಂದಿಗಷ್ಟೇ ಸಾಲುತ್ತಿತ್ತು.

ದಿನಕ್ಕೆ 349 ರೂಪಾಯಿಯಂತೆ ಕೂಲಿ ನೇರವಾಗಿ ಬ್ಯಾಂಕ್ ಖಾತೆಗೆ ಬಂತು, ಆದರೆ ಹಾಜರಿ ಪಟ್ಟಿ ಮುಗಿದು ಐದು ವಾರಗಳಾದ ಮೇಲೆ. 15 ದಿನ ಮೀರಿದರೆ ದಿನಕ್ಕೆ ಶೇ 0.05ರಂತೆ ಪರಿಹಾರ ಕೊಡಬೇಕೆಂಬ ನಿಯಮವನ್ನು ನೆನಪಿಸಿದಾಗ, ‘ಅದು ಮ್ಯಾಲಿಂದ ಬರಬೇಕ್ರಿ’ ಎಂಬ ಉತ್ತರ ಸಿಕ್ಕಿತು. ಐದಕ್ಕೆ ಎರಡೂವರೆ ಅಂಕ ಕೊಡುತ್ತೇನೆ. ಅದರಲ್ಲಿ ಎರಡು ಆ ಕಾಯಕಬಂಧುವಿನವು.