ಹೊರಗಿನ ಊಟ: ಪೂರ್ತಿ ಸಸ್ಯಾಹಾರಿ ಹೋಟೆಲೋ, ಎರಡೂ ಸಿಗುವ ಹೋಟೆಲೋ, ಬುತ್ತಿಯೋ?

ಸಸ್ಯಾಹಾರಿ, ಅದರ ಮೇಲೆ ಗ್ಲುಟೆನ್ (ಗೋಧಿ, ಬಾರ್ಲಿಯಂಥ ಧಾನ್ಯಗಳಲ್ಲಿರುವ ಪ್ರೋಟೀನ್) ಬೇರೆ ಆಗಲ್ಲ, ಎಲ್ಲಿ ಊಟ ಮಾಡಲಿ ಅಂತ ಕೇಳಿದ್ದೀರಿ. ಇವೆರಡು ಬೇರೆ ಬೇರೆ ತಲೆನೋವು, ಒಂದೇ ಹೋಟೆಲ್ ಎರಡಕ್ಕೂ ಮದ್ದಾಗಬೇಕು ಅಂತೇನಿಲ್ಲ.

ಮಾಂಸ ಸೋಕಬಾರದು ಅನ್ನೋದೇ ಮುಖ್ಯವಾದರೆ ಪೂರ್ತಿ ಸಸ್ಯಾಹಾರಿ ಜಾಗವೇ ನೆಮ್ಮದಿ. ಎರಡೂ ಮಾಡುವ ಕಡೆ ತರಕಾರಿ ಸೂಪ್ ಅಂತ ಬರೆದಿದ್ದರೂ ಅದಕ್ಕೆ ಕೋಳಿ ಬೇಯಿಸಿದ ನೀರು ಹಾಕಿರಬಹುದು, ಸಾಸ್‌ನಲ್ಲಿ ಮೀನಿರಬಹುದು, ಸಿಹಿಯಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಟಿನ್ ಇರಬಹುದು, ಆಲೂಗಡ್ಡೆ ಕರಿದಿದ್ದು ಮೀನು ಕರಿದ ಎಣ್ಣೆಯಲ್ಲೇ ಇರಬಹುದು. ಕೇಳದೆ ಯಾರೂ ಹೇಳಲ್ಲ.

ಗ್ಲುಟೆನ್ ವಿಷಯದಲ್ಲಿ ಕಥೆ ಉಲ್ಟಾ. ಮಾಂಸದ ಬದಲು ಕೊಡುವ ಸೇತಾನ್ ಅಂದರೆ ಗೋಧಿಯ ಗ್ಲುಟೆನ್ನೇ! ಸೋಯಾ ಸಾಸ್‌ನಲ್ಲೂ ಸಾಮಾನ್ಯವಾಗಿ ಗೋಧಿ ಇರುತ್ತೆ. ಸೀಲಿಯಾಕ್ (ಗ್ಲುಟೆನ್ ತಿಂದರೆ ಸಣ್ಣ ಕರುಳಿಗೆ ಹಾನಿಯಾಗುವ ಕಾಯಿಲೆ) ಇರುವವರಿಗೆ, ಅಲರ್ಜಿ ಪಟ್ಟಿ ಇಟ್ಟುಕೊಂಡು ಬೇರೆ ಬಾಣಲೆ ಬಳಸುವ ಹೋಟೆಲ್ ಮೇಲು, ಅಲ್ಲಿ ಮಾಂಸ ಬೇಯಿಸಿದರೂ ಸರಿ. ಕೋಡೆಕ್ಸ್ ಅನ್ನೋ ಅಂತರರಾಷ್ಟ್ರೀಯ ಆಹಾರ ಮಾನದಂಡದ ಪ್ರಕಾರ ಗ್ಲುಟೆನ್ ಇಲ್ಲ ಅನ್ನಬೇಕಾದರೆ ಕಿಲೋಗೆ 20 ಮಿಲಿಗ್ರಾಂ ಮೀರುವಂತಿಲ್ಲ. ಇಷ್ಟು ಕಟ್ಟುನಿಟ್ಟು ಇರುವಾಗ ‘ಸ್ವಲ್ಪ ತಾನೆ’ ಅನ್ನುವ ಅಡುಗೆಯವರ ಹತ್ತಿರ ಹೋಗದಿರೋದೇ ವಾಸಿ.

ಖರ್ಚಿಗೆ, ಸುರಕ್ಷತೆಗೆ ಬುತ್ತಿಯನ್ನು ಮೀರಿಸೋದು ಕಷ್ಟ. ಪ್ರಯಾಣಕ್ಕೆ, ತೀವ್ರ ಅಲರ್ಜಿಗೆ ಅದೇ ಸರಿ. ಆದರೆ ಎಷ್ಟೋ ಹೋಟೆಲ್‌ಗಳು ಹೊರಗಿನ ಊಟ ಬಿಡಲ್ಲ.

ಗೆಳೆಯರ ಗುಂಪಲ್ಲಿ ಮಾಂಸ ತಿನ್ನುವವರೂ ಇದ್ದರೆ ಎರಡೂ ಸಿಗುವ ಜಾಗವೇ ಸುಲಭ. ಮೊದಲೇ ಫೋನ್ ಮಾಡಿ, ಅದೂ ಊಟದ ಗದ್ದಲ ಇಲ್ಲದ ಹೊತ್ತಲ್ಲಿ. ‘ಸಸ್ಯಾಹಾರಿ ಇದೆಯಾ’ ಅಂತ ಸುಮ್ನೆ ಕೇಳಬೇಡಿ, ‘ಎಣ್ಣೆ ಬೇರೆನಾ, ಸೂಪ್‌ಗೆ ಏನು ಹಾಕ್ತೀರಿ’ ಅಂತ ಕೇಳಿ.